13 ಟಿಕೆಟ್, 4 ಕೋಟಿ ಡಾಲರ್: ಕಂಪನಿ ಬಾಯಿ ಬಿಟ್ಟರೆ ತೆರಿಗೆ ರಿಯಾಯಿತಿ ಏಕೆ ಅಲುಗಾಡುತ್ತದೆ?

2018ರ ಫೆಬ್ರವರಿಯಲ್ಲಿ ಡೆಲ್ಟಾ ಏರ್‌ಲೈನ್ಸ್ ಒಂದು ರಿಯಾಯಿತಿ ದರವನ್ನು ರದ್ದು ಮಾಡಿತು. ಬಂದೂಕು ಹಕ್ಕಿನ ಪ್ರಬಲ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್‌ನ ವಾರ್ಷಿಕ ಸಮಾವೇಶಕ್ಕೆ ಹೋಗುವವರಿಗಾಗಿ ಇದ್ದ ದರ ಅದು. ಆ ದರದಲ್ಲಿ ಅಲ್ಲಿಯವರೆಗೆ ಮಾರಾಟವಾಗಿದ್ದುದು 13 ಟಿಕೆಟ್. ಇದಾಗಿ ಒಂದೇ ವಾರಕ್ಕೆ ಜಾರ್ಜಿಯಾ ರಾಜ್ಯ ಕಂಪನಿಯ ಕೈತಪ್ಪಿಸಿದ ತೆರಿಗೆ ವಿನಾಯಿತಿಯ ಬೆಲೆ ವರ್ಷಕ್ಕೆ ಸುಮಾರು 4 ಕೋಟಿ ಡಾಲರ್.

ಅಲ್ಲಿಂದೀಚೆಗೆ ಅಮೆರಿಕದಿಂದ ಇಂಥ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಕಂಪನಿ ಒಂದು ಹೇಳಿಕೆ ಕೊಡುತ್ತದೆ, ರಾಜ್ಯದ ನಾಯಕರು ರಿಯಾಯಿತಿ ಕಿತ್ತುಕೊಳ್ಳುವುದಾಗಿ ಗುಡುಗುತ್ತಾರೆ, ಆಮೇಲೆ ಏನಾಯಿತೆಂದು ಓದುಗರಿಗೆ ತಿಳಿಯುವುದೇ ಇಲ್ಲ. ಕೆಲವು ಬೆದರಿಕೆಗಳು ನಿಜವಾಗುತ್ತವೆ, ಕೆಲವು ಮಧ್ಯರಾತ್ರಿಯೊಳಗೆ ಸತ್ತುಹೋಗುತ್ತವೆ. ಹೇಳಿಕೆ ಎಷ್ಟು ಖಾರವಾಗಿತ್ತು ಎಂದು ನೋಡಿದರೆ ಈ ವ್ಯತ್ಯಾಸ ಅರ್ಥವಾಗದು. ರಿಯಾಯಿತಿ ಯಾವ ರೂಪದಲ್ಲಿತ್ತು, ಅದರ ಅವಧಿ ಎಂದು ಮುಗಿಯುತ್ತಿತ್ತು, ಅದರಲ್ಲಿ ಇನ್ನಾರ ಪಾಲಿತ್ತು ಎಂಬುದನ್ನು ನೋಡಬೇಕು.

ಮೊದಲು ಬೆದರಿಸುತ್ತಿದ್ದವರು ಕಂಪನಿಗಳೇ

ಹತ್ತು ವರ್ಷದ ಹಿಂದೆ ಕೋಲು ಕಂಪನಿಗಳ ಕೈಯಲ್ಲಿತ್ತು. 2015ರ ಮಾರ್ಚ್‌ನಲ್ಲಿ ಇಂಡಿಯಾನಾ ರಾಜ್ಯ ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ಕಾಯ್ದೆಯೊಂದನ್ನು ತಂದಿತು. ಸಲಿಂಗಿಗಳಿಗೆ ಸೇವೆ ನಿರಾಕರಿಸಲು ಅದು ದಾರಿ ಮಾಡಿಕೊಡುತ್ತದೆ ಎಂದು ಸೇಲ್ಸ್‌ಫೋರ್ಸ್‌ನಂಥ ಕಂಪನಿಗಳು ಪ್ರತಿಭಟಿಸಿದವು. ಒಂದೇ ವಾರದಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮರುವರ್ಷ ಉತ್ತರ ಕೆರೊಲಿನಾದಲ್ಲಿ ಲಿಂಗಪರಿವರ್ತಿತರ ಶೌಚಾಲಯ ಬಳಕೆಯನ್ನು ನಿರ್ಬಂಧಿಸಿದ ಕಾಯ್ದೆಯ ಕಾರಣಕ್ಕೆ ಪೇಪಾಲ್ ಷಾರ್ಲಟ್‌ನಲ್ಲಿ 400 ಉದ್ಯೋಗಗಳ ಕೇಂದ್ರ ತೆರೆಯುವ ಯೋಜನೆಯನ್ನು ಕೈಬಿಟ್ಟಿತು. ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಆಲ್‌ಸ್ಟಾರ್ ಪಂದ್ಯವನ್ನು ಬೇರೆಡೆಗೆ ಒಯ್ದಿತು. 2017ರ ಮಾರ್ಚ್‌ನಲ್ಲಿ ರಾಜ್ಯ ಆ ಕಾಯ್ದೆಯ ಮುಖ್ಯ ಭಾಗವನ್ನು ಹಿಂತೆಗೆದುಕೊಂಡಿತು.

ರಿಪಬ್ಲಿಕನ್ ಶಾಸಕರು ಇದರಿಂದ ಒಂದು ಪಾಠ ಕಲಿತರು. ಹೂಡಿಕೆ ಹಿಂತೆಗೆಯುವ ಬೆದರಿಕೆ ಕಂಪನಿಯ ಅಸ್ತ್ರವಾದರೆ, ಅದೇ ಹೂಡಿಕೆಗೆ ಕೊಟ್ಟ ರಿಯಾಯಿತಿ ರಾಜ್ಯದ ಅಸ್ತ್ರವಾಗಬಲ್ಲದು.

ಜಾರ್ಜಿಯಾ: ತಾರೀಖು ನೋಡಿ ಬಿದ್ದ ಏಟು

ಜಾರ್ಜಿಯಾದಲ್ಲಿ ವಿಮಾನ ಇಂಧನದ ಮೇಲೆ ರಾಜ್ಯದ ಮಾರಾಟ ತೆರಿಗೆ ಶೇ 4. ಡೆಲ್ಟಾ ದಿವಾಳಿಯ ಅಂಚಿಗೆ ಬಂದಿದ್ದ 2005ರಲ್ಲಿ ಇದಕ್ಕೆ ವಿನಾಯಿತಿ ಸಿಕ್ಕಿತು. ಕಾಗದದ ಮೇಲೆ ಎಲ್ಲ ವಿಮಾನಯಾನ ಸಂಸ್ಥೆಗಳಿಗೂ ಅನ್ವಯ. ಆದರೆ ಅಟ್ಲಾಂಟಾ ಡೆಲ್ಟಾದ ತವರು ನಿಲ್ದಾಣವಾದ್ದರಿಂದ ಸಿಂಹಪಾಲು ಅದಕ್ಕೇ. ಕಂಪನಿ ಚೇತರಿಸಿಕೊಂಡು ಲಾಭಕ್ಕೆ ಮರಳಿತು. 2015ರಲ್ಲಿ ರಸ್ತೆ ನಿಧಿಯ ಕಾಯ್ದೆ ತರುವಾಗ ಶಾಸನಸಭೆ ವಿನಾಯಿತಿಯನ್ನು ತೆಗೆಯಿತು.

ಹಾಗಾಗಿ 2018ರಲ್ಲಿ ಡೆಲ್ಟಾ ಕೈಯಲ್ಲಿ ವಿನಾಯಿತಿ ಇರಲಿಲ್ಲ. ಅದು ಮರಳಿ ಪಡೆಯುವ ಪ್ರಯತ್ನದಲ್ಲಿತ್ತು. ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 6ರಿಂದ 5.75ಕ್ಕೆ ಇಳಿಸುವ ದೊಡ್ಡ ಮಸೂದೆಯೊಳಗೆ ಇಂಧನ ವಿನಾಯಿತಿಯ ಕಲಮು ಸೇರಿಕೊಂಡಿತ್ತು, ಕೆಳಮನೆ ಅದನ್ನು ಅಂಗೀಕರಿಸಿತ್ತು, ಮೇಲ್ಮನೆಯ ಮತ ಬಾಕಿಯಿತ್ತು. ಸರಿಯಾಗಿ ಆ ಹೊತ್ತಿಗೆ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿಗೆ 17 ಮಂದಿ ಬಲಿಯಾದರು. ಹತ್ತು ದಿನಗಳ ಬಳಿಕ, ಫೆಬ್ರವರಿ 24ರಂದು, ಡೆಲ್ಟಾ ರೈಫಲ್ ಸಂಘದ ರಿಯಾಯಿತಿಯನ್ನು ನಿಲ್ಲಿಸಿತು. ವಿವಾದದಲ್ಲಿ ಯಾರ ಪರವೂ ನಿಲ್ಲದಿರಲು ಈ ಕ್ರಮ ಎಂದು ಕಂಪನಿ ಹೇಳಿಕೊಂಡಿತು. ಅಮೆರಿಕದ ರಾಜಕೀಯದಲ್ಲಿ ತಟಸ್ಥನಾಗುತ್ತೇನೆ ಎನ್ನುವುದನ್ನೂ ಎದುರಾಳಿಯ ಮಾತೆಂದೇ ಕೇಳಿಸಿಕೊಳ್ಳುತ್ತಾರೆ.

ಫೆಬ್ರವರಿ 26ರಂದು ಲೆಫ್ಟಿನೆಂಟ್ ಗವರ್ನರ್ ಕೇಸಿ ಕೇಗಲ್ ಟ್ವೀಟ್ ಮಾಡಿದರು: ಡೆಲ್ಟಾ ತನ್ನ ನಿಲುವು ಬದಲಿಸಿ ಸಂಘದೊಂದಿಗಿನ ಸಂಬಂಧವನ್ನು ಮರಳಿ ಕೂಡಿಸದಿದ್ದರೆ ಅದಕ್ಕೆ ಲಾಭವಾಗುವ ಯಾವ ತೆರಿಗೆ ಮಸೂದೆಯನ್ನೂ ಬದುಕಗೊಡುವುದಿಲ್ಲ. ನಮ್ಮ ಕೇಂದ್ರಾಡಳಿತ ಪ್ರದೇಶಗಳ ಲೆಫ್ಟಿನೆಂಟ್ ಗವರ್ನರ್‌ಗಳಂತೆ ಇದು ನೇಮಕದ ಹುದ್ದೆಯಲ್ಲ. ಜಾರ್ಜಿಯಾದಲ್ಲಿ ಜನರಿಂದ ಆಯ್ಕೆಯಾಗಿ ಮೇಲ್ಮನೆಯ ಅಧ್ಯಕ್ಷತೆ ವಹಿಸುವವರು ಇವರು. ಮಸೂದೆಯ ದಾರಿ ಅವರ ಮೇಜಿನ ಮೇಲಿಂದಲೇ ಹಾದುಹೋಗುತ್ತಿತ್ತು. ಮಾರ್ಚ್ 1ರಂದು ಇಂಧನದ ಕಲಮನ್ನು ಕಿತ್ತುಹಾಕಿ ಮೇಲ್ಮನೆ 44–10ರಿಂದ ಮಸೂದೆಯನ್ನು ಅಂಗೀಕರಿಸಿತು. ಮರುದಿನ ಗವರ್ನರ್ ನೇಥನ್ ಡೀಲ್ ಸಹಿ ಹಾಕಿದರು. ನಮ್ಮ ಮೌಲ್ಯಗಳು ಮಾರಾಟಕ್ಕಿಲ್ಲ ಎಂದು ಡೆಲ್ಟಾ ಮುಖ್ಯಸ್ಥ ಎಡ್ ಬಾಸ್ಟಿಯನ್ ನೌಕರರಿಗೆ ಬರೆದರು.

ಸುದ್ದಿಗಳು ಇಲ್ಲಿಗೆ ನಿಂತವು, ಪ್ರಕರಣ ನಿಲ್ಲಲಿಲ್ಲ. ಕೇಗಲ್ ಆ ವರ್ಷ ಗವರ್ನರ್ ಹುದ್ದೆಗೆ ರಿಪಬ್ಲಿಕನ್ ಟಿಕೆಟ್ ಬಯಸಿದ್ದವರು. ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆಯ (ಪ್ರೈಮರಿ) ಜುಲೈ 24ರ ಅಂತಿಮ ಸುತ್ತಿನಲ್ಲಿ ಬ್ರಯಾನ್ ಕೆಂಪ್ ಎದುರು ಸೋತರು. ಇದಾದ ಆರನೇ ದಿನ, ಮತ್ತೆ ಚುನಾವಣೆಗೆ ನಿಲ್ಲುವ ಹಂಗಿಲ್ಲದ ಡೀಲ್ ಆದೇಶವೊಂದನ್ನು ಹೊರಡಿಸಿ ವಿಮಾನ ಇಂಧನದ ತೆರಿಗೆ ವಸೂಲಿಯನ್ನೇ ತಡೆಹಿಡಿದರು. ನವೆಂಬರ್‌ನ ವಿಶೇಷ ಅಧಿವೇಶನ ಅದನ್ನು ಅನುಮೋದಿಸಿತು. ಅಷ್ಟು ಸದ್ದು ಮಾಡಿದ ಶಿಕ್ಷೆ ಐದು ತಿಂಗಳು ಬಾಳಿತು. ಕೇಗಲ್ ಅವರ ಟ್ವೀಟ್ ಡೆಲ್ಟಾಗೆ ಎಷ್ಟು ಬರೆದದ್ದೋ, ಪ್ರೈಮರಿಯ ಮತದಾರರಿಗೂ ಅಷ್ಟೇ ಬರೆದದ್ದು.

2021ರಲ್ಲಿ ಮತ್ತದೇ ನಾಟಕ. ಮಾರ್ಚ್ 25ರಂದು ಗವರ್ನರ್ ಕೆಂಪ್ ಹೊಸ ಮತದಾನ ಕಾಯ್ದೆಗೆ ಸಹಿ ಹಾಕಿದರು. ಅಂಚೆ ಮತಕ್ಕೆ ಗುರುತಿನ ದಾಖಲೆ ಕಡ್ಡಾಯ, ಮತ ಹಾಕುವ ಪೆಟ್ಟಿಗೆಗಳಿಗೆ ಮಿತಿ ಮುಂತಾದ ನಿಯಮಗಳು ಕಪ್ಪು ಜನರ ಮತದಾನವನ್ನು ಕಷ್ಟವಾಗಿಸುತ್ತವೆ ಎಂಬ ಟೀಕೆ ಎದ್ದಿತ್ತು. ಮಾರ್ಚ್ 31ರಂದು ಬಾಸ್ಟಿಯನ್ ಕಾಯ್ದೆಯನ್ನು ಒಪ್ಪಲಾಗದು ಎಂದರು, ಕೋಕಾ-ಕೋಲಾ ಕೂಡ ದನಿಗೂಡಿಸಿತು. ಅದೇ ರಾತ್ರಿ ಕೆಳಮನೆ 97–73ರಿಂದ ಇಂಧನ ತೆರಿಗೆ ವಿನಾಯಿತಿಯನ್ನು ತೆಗೆಯಲು ಮತ ಹಾಕಿತು. ಮೇಲ್ಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಜಾರ್ಜಿಯಾ ಶಾಸನಸಭೆ ವರ್ಷಕ್ಕೆ ಕೂಡುವುದು 40 ದಿನ, ಮಾರ್ಚ್ 31 ಕೊನೆಯ ದಿನ. ಅಧಿವೇಶನ ಮುಗಿಯುತ್ತಲೇ ಪ್ರಸ್ತಾಪವೂ ಮುಗಿಯಿತು. ಕೆಳಮನೆಯ ಸದಸ್ಯರಿಗೆ ಮತ ಹಾಕಿದ ದಾಖಲೆ ಸಿಕ್ಕಿತು, ಡೆಲ್ಟಾಗೆ ಬಿಲ್ ಬರಲಿಲ್ಲ.

ಒಂದು ತಾಂತ್ರಿಕ ಅಂಶವನ್ನು ಬಹುತೇಕ ವರದಿಗಳು ಬಿಟ್ಟುಬಿಟ್ಟವು. ಅಮೆರಿಕದ ಒಕ್ಕೂಟ ನಿಯಮದಂತೆ, ಕೆಲವು ಹಳೆಯ ತೆರಿಗೆಗಳನ್ನು ಬಿಟ್ಟರೆ, ವಿಮಾನ ಇಂಧನದಿಂದ ಬಂದ ತೆರಿಗೆ ಹಣವನ್ನು ವಿಮಾನ ನಿಲ್ದಾಣ ಮತ್ತು ವಾಯುಯಾನಕ್ಕೇ ಖರ್ಚು ಮಾಡಬೇಕು. ಡೆಲ್ಟಾದಿಂದ ಕಿತ್ತು ಶಾಲೆಗೆ ಕೊಡುತ್ತೇವೆ ಎಂಬ ವಾದಕ್ಕೆ ಅಲ್ಲಿ ಹೆಚ್ಚು ಜಾಗವಿಲ್ಲ.

ಸಿನಿಮಾ ರಿಯಾಯಿತಿಯನ್ನು ಯಾರೂ ಮುಟ್ಟಲಿಲ್ಲ

ಅದೇ ರಾಜ್ಯದ ಇನ್ನೊಂದು ರಿಯಾಯಿತಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಬಿಡಿಸಿಕೊಳ್ಳುತ್ತದೆ. ಜಾರ್ಜಿಯಾದಲ್ಲಿ ಕನಿಷ್ಠ 5 ಲಕ್ಷ ಡಾಲರ್ ಖರ್ಚು ಮಾಡುವ ಚಿತ್ರನಿರ್ಮಾಣಕ್ಕೆ ಆ ಖರ್ಚಿನ ಶೇ 20ರಷ್ಟು ತೆರಿಗೆ ಜಮೆ, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಮೊತ್ತ, ಸಿಗುತ್ತದೆ. ರಾಜ್ಯದ ಲಾಂಛನ ತೋರಿಸಿದರೆ ಇನ್ನೂ ಶೇ 10. 2019ರ ಮೇನಲ್ಲಿ ಕಠಿಣ ಗರ್ಭಪಾತ ನಿಷೇಧಕ್ಕೆ ಸಹಿ ಬಿದ್ದಾಗ, ಕಾಯ್ದೆ ಜಾರಿಯಾದರೆ ಅಲ್ಲಿ ಚಿತ್ರೀಕರಣ ಕಷ್ಟವಾದೀತು ಎಂದು ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಬಹಿರಂಗವಾಗಿಯೇ ಹೇಳಿದರು. ಡೆಲ್ಟಾಗೆ ಹೋಲಿಸಿದರೆ ಎಷ್ಟೋ ಗಡುಸಾದ ಮಾತು. ಆದರೂ ಜಮೆ ಹಾಗೆಯೇ ಉಳಿಯಿತು.

ಕಾರಣ ಅದರ ರಚನೆಯಲ್ಲಿದೆ. ಹಾಲಿವುಡ್ ನಿರ್ಮಾಪಕರು ಜಾರ್ಜಿಯಾಗೆ ಕಟ್ಟಬೇಕಾದ ತೆರಿಗೆ ಅಲ್ಪ. ಸಿಕ್ಕ ಜಮೆಯನ್ನು ಅವರು ಸ್ಥಳೀಯ ಕಂಪನಿಗಳಿಗೂ ಶ್ರೀಮಂತರಿಗೂ ಮುಖಬೆಲೆಗಿಂತ ಕಡಿಮೆಗೆ ಮಾರುತ್ತಾರೆ. ಕೊಂಡವರು ಅದರಿಂದ ತಮ್ಮ ತೆರಿಗೆ ತೀರಿಸುತ್ತಾರೆ. ಹೀಗೆ ರಿಯಾಯಿತಿಯ ಫಲಾನುಭವಿಗಳು ರಾಜ್ಯದೊಳಗೇ ಹಬ್ಬಿರುತ್ತಾರೆ: ತೆರಿಗೆ ಕಟ್ಟುವವರು, ಬಡಗಿಗಳು, ಊಟ ಒದಗಿಸುವವರು, ಸ್ಟುಡಿಯೊ ಜಾಗದ ಮಾಲೀಕರು. ಡಿಸ್ನಿಗೆಂದು ಎತ್ತಿದ ಕೈ ಇವರಿಗೆಲ್ಲ ತಾಗುತ್ತದೆ. ಒಂದೇ ಕಂಪನಿಯ ಹೆಸರು ಅಂಟಿಕೊಂಡ, ನವೀಕರಣಕ್ಕೆ ಕಾದು ಕುಳಿತ ವಿನಾಯಿತಿಗೆ ಇಂಥ ರಕ್ಷಣೆ ಇಲ್ಲ.

ಡಿಸ್ನಿ: ತೆರಿಗೆ ರಿಯಾಯಿತಿಯೇ ಅಲ್ಲದ ರಿಯಾಯಿತಿ

ಫ್ಲಾರಿಡಾ ಪ್ರಕರಣವನ್ನು ಹೆಚ್ಚಿನವರು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ. ಡಿಸ್ನಿಯ ತೆರಿಗೆ ಸವಲತ್ತನ್ನು ಕಿತ್ತುಕೊಳ್ಳಲಾಯಿತು ಎಂಬುದು ಜನಪ್ರಿಯ ಸಾರಾಂಶ. ನಡೆದದ್ದು ಬೇರೆ.

1967ರಲ್ಲಿ ಫ್ಲಾರಿಡಾ ಡಿಸ್ನಿಯ ಮನರಂಜನಾ ಉದ್ಯಾನದ ನೆಲಕ್ಕಾಗಿ ರೀಡಿ ಕ್ರೀಕ್ ಎಂಬ ವಿಶೇಷ ಆಡಳಿತ ವಲಯವನ್ನು ಸ್ಥಾಪಿಸಿತು. ಆರೆಂಜ್ ಮತ್ತು ಓಸಿಯೋಲಾ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಹರಡಿದ ಸುಮಾರು 25,000 ಎಕರೆಯ ಈ ವಲಯದಲ್ಲಿ ರಸ್ತೆ, ಚರಂಡಿ, ಅಗ್ನಿಶಾಮಕ ದಳ, ಕಟ್ಟಡ ಪರವಾನಗಿ ಎಲ್ಲವೂ ಅದರದೇ ಮಂಡಳಿಯ ಕೈಯಲ್ಲಿ. ಅಣು ವಿದ್ಯುತ್ ಸ್ಥಾವರ ಕಟ್ಟುವ ಅಧಿಕಾರವೂ ಕಾಯ್ದೆಯಲ್ಲಿತ್ತು. ಮಂಡಳಿಯನ್ನು ಆರಿಸುವವರು ಭೂಮಾಲೀಕರು, ಅಂದರೆ ಬಹುಮಟ್ಟಿಗೆ ಡಿಸ್ನಿ. ಕೌಂಟಿಗಳ ಆಸ್ತಿ ತೆರಿಗೆಯನ್ನು ಡಿಸ್ನಿ ಎಲ್ಲರಂತೆ ಕಟ್ಟುತ್ತಿತ್ತು, ಅದರ ಮೇಲೆ ರೀಡಿ ಕ್ರೀಕ್‌ನ ತೆರಿಗೆಯನ್ನೂ ಕಟ್ಟುತ್ತಿತ್ತು. ಅದಕ್ಕೆ ಸಿಗುತ್ತಿದ್ದ ಲಾಭವೆಂದರೆ ಹಿಡಿತ: ಯಾರ ಕಚೇರಿಯ ಬಾಗಿಲನ್ನೂ ಕಾಯದೆ ಕಟ್ಟಡ ಕಟ್ಟಬಹುದು, ಸ್ಥಳೀಯ ಸಂಸ್ಥೆಯ ಹೆಸರಿನಲ್ಲಿ ಕಡಿಮೆ ಬಡ್ಡಿಯ ಬಾಂಡ್ ಎತ್ತಬಹುದು.

2022ರ ಮಾರ್ಚ್ 28ರಂದು ಗವರ್ನರ್ ರಾನ್ ಡಿಸಾಂಟಿಸ್ ಶಾಲೆಗಳಲ್ಲಿ ಲಿಂಗ ಮತ್ತು ಲೈಂಗಿಕತೆಯ ಪಾಠವನ್ನು ನಿರ್ಬಂಧಿಸುವ ಕಾಯ್ದೆಗೆ ಸಹಿ ಹಾಕಿದರು. ಮೊದಲು ಮೌನವಾಗಿದ್ದು ನೌಕರರ ಆಕ್ರೋಶಕ್ಕೆ ಗುರಿಯಾದ ಡಿಸ್ನಿ, ಕಾಯ್ದೆ ರದ್ದಾಗುವುದೇ ತನ್ನ ಗುರಿ ಎಂದಿತು. ಏಪ್ರಿಲ್ 22ರೊಳಗೆ ರೀಡಿ ಕ್ರೀಕ್‌ಅನ್ನು ವಿಸರ್ಜಿಸುವ ಕಾಯ್ದೆ ಸಿದ್ಧ. ಜಾರಿಯ ದಿನ 2023ರ ಜೂನ್ 1.

ಆಗ ಲೆಕ್ಕ ಶುರುವಾಯಿತು. ವಲಯದ ಮೇಲೆ ಸುಮಾರು 100 ಕೋಟಿ ಡಾಲರ್ ಸಾಲವಿತ್ತು. ಬಾಂಡ್ ತೀರುವವರೆಗೆ ವಲಯದ ಅಧಿಕಾರವನ್ನು ಮೊಟಕುಗೊಳಿಸುವುದಿಲ್ಲ ಎಂದು ರಾಜ್ಯವೇ 1967ರ ಕಾಯ್ದೆಯಲ್ಲಿ ಸಾಲ ಕೊಟ್ಟವರಿಗೆ ಮಾತು ಕೊಟ್ಟಿತ್ತು. ವಲಯ ಹೋದರೆ ಸಾಲವೂ ಸೇವೆಗಳ ಹೊರೆಯೂ ಕೌಂಟಿಗಳಿಗೆ. ಡಿಸ್ನಿ ತನ್ನ ಮೇಲೆ ತಾನೇ ಹಾಕಿಕೊಂಡಿದ್ದ ತೆರಿಗೆ ಮಾತ್ರ ಮಾಯ. ಆರೆಂಜ್ ಕೌಂಟಿಯ ತೆರಿಗೆ ಅಧಿಕಾರಿ, ನಿವಾಸಿಗಳ ಆಸ್ತಿ ತೆರಿಗೆ ಶೇ 20ರಿಂದ 25ರಷ್ಟು ಏರಬೇಕಾದೀತು ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಶಿಕ್ಷೆಯೆಂದು ಬರೆದ ಕಾಯ್ದೆ ಡಿಸ್ನಿಗೆ ತೆರಿಗೆ ಕಡಿತದ ಉಡುಗೊರೆಯಾಗುವುದರಲ್ಲಿತ್ತು.

ಆದ್ದರಿಂದ 2023ರ ಫೆಬ್ರವರಿಯಲ್ಲಿ ಶಾಸನಸಭೆ ವಿಸರ್ಜನೆಯನ್ನು ಕೈಬಿಟ್ಟು ವಲಯದ ಹೆಸರು ಬದಲಿಸಿತು, ಐವರು ಸದಸ್ಯರ ಮಂಡಳಿಯನ್ನು ಗವರ್ನರ್ ನೇಮಿಸುವಂತೆ ಮಾಡಿತು. ತೆರಿಗೆ, ಸಾಲ ಎಲ್ಲ ಇದ್ದಲ್ಲೇ ಇದ್ದವು. ಕುರ್ಚಿ ಮಾತ್ರ ಕೈಬದಲಾಯಿತು. ಹಳೆಯ ಮಂಡಳಿಯೂ ಸುಮ್ಮನಿರಲಿಲ್ಲ. ಹೊರಡುವ ಮುನ್ನ ಫೆಬ್ರವರಿ 8ರಂದು ಡಿಸ್ನಿ ಜೊತೆ 30 ವರ್ಷದ ಒಪ್ಪಂದಕ್ಕೆ ಸಹಿ ಹಾಕಿತ್ತು. ಅದರೊಂದಿಗಿದ್ದ ನಿರ್ಬಂಧ ಪತ್ರದ ಅವಧಿ ಬ್ರಿಟನ್ನಿನ ದೊರೆ ಮೂರನೇ ಚಾರ್ಲ್ಸ್‌ನ ಆಗ ಬದುಕಿದ್ದ ವಂಶಜರಲ್ಲಿ ಕೊನೆಯವರು ತೀರಿಕೊಂಡು 21 ವರ್ಷವಾಗುವ ತನಕ! ತಮಾಷೆಯಂತೆ ಕಂಡರೂ ಇದು ಆಂಗ್ಲ ಆಸ್ತಿ ಕಾನೂನಿನಲ್ಲಿ ಅವಧಿಯನ್ನು ಸಾಧ್ಯವಾದಷ್ಟು ಎಳೆಯಲು ವಕೀಲರು ಬಳಸುವ ಹಳೆಯ ತಂತ್ರ.

ಬಳಿಕ ಎರಡೂ ಕಡೆಯಿಂದ ಮೊಕದ್ದಮೆ. 2023ರ ಮೇನಲ್ಲಿ ಡಿಸ್ನಿ ಸುಮಾರು 2,000 ಹುದ್ದೆಗಳನ್ನು ಕ್ಯಾಲಿಫೋರ್ನಿಯಾದಿಂದ ಫ್ಲಾರಿಡಾಗೆ ತರುವ ಕಚೇರಿ ಯೋಜನೆಯನ್ನು ಕೈಬಿಟ್ಟಿತು. ಆ ವರ್ಷ ಕಂಪನಿ ವೆಚ್ಚ ಕಡಿತದಲ್ಲಿದ್ದುದರಿಂದ ರಾಜಕೀಯವೊಂದೇ ಕಾರಣ ಎನ್ನುವಂತಿಲ್ಲ. 2024ರ ಮಾರ್ಚ್ 27ರಂದು ರಾಜಿಯಾಯಿತು. ಜೂನ್‌ನಲ್ಲಿ ಹೊಸ ಮಂಡಳಿಯೇ 15 ವರ್ಷದ ಅಭಿವೃದ್ಧಿ ಒಪ್ಪಂದಕ್ಕೆ ಒಪ್ಪಿತು, ಡಿಸ್ನಿ 1,700 ಕೋಟಿ ಡಾಲರ್‌ವರೆಗೆ ಹೂಡುವ ಮಾತು ಕೊಟ್ಟಿತು.

ನ್ಯಾಯಾಲಯ ಏಕೆ ತಡೆಯುವುದಿಲ್ಲ?

ಅಭಿಪ್ರಾಯ ಹೇಳಿದ್ದಕ್ಕೆ ಸರ್ಕಾರ ಶಿಕ್ಷೆ ಕೊಡುವುದು ಅಮೆರಿಕ ಸಂವಿಧಾನದ ಮೊದಲ ತಿದ್ದುಪಡಿಗೆ ವಿರುದ್ಧವಲ್ಲವೇ? ತಾತ್ವಿಕವಾಗಿ ಹೌದು. ಕಂಪನಿಗಳಿಗೆ ರಾಜಕೀಯ ಅಭಿವ್ಯಕ್ತಿಯ ಹಕ್ಕಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲೂ 2010ರಲ್ಲೂ ಹೇಳಿದೆ. ತೆರಿಗೆ ವಿನಾಯಿತಿ ಯಾರ ಹಕ್ಕೂ ಅಲ್ಲ, ಆದರೆ ಅದನ್ನು ಅಭಿಪ್ರಾಯದ ಕೊರಳಿಗೆ ಕಟ್ಟುವಂತಿಲ್ಲ ಎಂಬುದು 1958ರಲ್ಲೇ ತೀರ್ಮಾನವಾಗಿದೆ: ಕ್ಯಾಲಿಫೋರ್ನಿಯಾ ಮಾಜಿ ಸೈನಿಕರಿಗೆ ಆಸ್ತಿ ತೆರಿಗೆ ವಿನಾಯಿತಿ ಕೊಡಲು ನಿಷ್ಠೆಯ ಪ್ರಮಾಣ ಕೇಳಿತ್ತು, ಸ್ಪೈಸರ್ ಪ್ರಕರಣದಲ್ಲಿ ಅದು ಬಿದ್ದುಹೋಯಿತು. ಅದಕ್ಕೂ ಹಿಂದೆ, 1936ರಲ್ಲಿ, ಲೂಸಿಯಾನಾದಲ್ಲಿ ರಾಜಕಾರಣಿ ಹ್ಯೂಯಿ ಲಾಂಗ್ ಬಣ ವಿರೋಧಿ ಪತ್ರಿಕೆಗಳ ಮೇಲೆ ಹಾಕಿದ್ದ ತೆರಿಗೆಯನ್ನೂ ಕೋರ್ಟ್ ತಳ್ಳಿಹಾಕಿತ್ತು.

ತೊಡಕು ಬರುವುದು ಉದ್ದೇಶವನ್ನು ಸಾಬೀತು ಮಾಡುವಲ್ಲಿ. ಕಾಯ್ದೆಯ ಒಕ್ಕಣೆ ಸಾಮಾನ್ಯವಾಗಿದ್ದರೆ, ಶಾಸಕರು ಒಳಗೊಳಗೆ ಏನು ಯೋಚಿಸಿದ್ದರು ಎಂದು ಅಗೆದು ಕಾಯ್ದೆಯನ್ನು ಹೊಡೆದುಹಾಕುವುದಿಲ್ಲ ಎಂದು 1968ರ ಓಬ್ರಿಯನ್ ತೀರ್ಪು ಹೇಳುತ್ತದೆ. ಡಿಸ್ನಿ ಸೋತದ್ದು ಈ ಗೋಡೆಗೆ ತಲೆ ಬಡಿದು. ವಿಸರ್ಜನೆಯ ಕಾಯ್ದೆಯಲ್ಲಿ ಡಿಸ್ನಿಯ ಹೆಸರೇ ಇರಲಿಲ್ಲ. 1968ರ ನವೆಂಬರ್‌ಗೆ ಮೊದಲಿನ ವಲಯಗಳು ಎಂದು ಬರೆದು ಇನ್ನೂ ಐದನ್ನು ಒಳಗೆಳೆದಿದ್ದರು. 2023ರ ಕಾಯ್ದೆ ನೇರವಾಗಿ ರೀಡಿ ಕ್ರೀಕ್ ಬಗ್ಗೆಯೇ ಆದರೂ, ಮೇಲ್ನೋಟಕ್ಕೆ ಸಂವಿಧಾನಬದ್ಧವಾದ ಕಾಯ್ದೆಯನ್ನು ಶಾಸಕರ ದುರುದ್ದೇಶದ ಆಧಾರದ ಮೇಲೆ ಪ್ರಶ್ನಿಸಲಾಗದು ಎಂದು ಫೆಡರಲ್ ನ್ಯಾಯಾಧೀಶ ಅಲೆನ್ ವಿನ್ಸರ್ 2024ರ ಜನವರಿ 31ರಂದು ಅರ್ಜಿಯನ್ನು ವಜಾ ಮಾಡಿದರು. ಮೇಲ್ಮನವಿ ಹಾಕಿದ ಡಿಸ್ನಿ ರಾಜಿಯ ನಂತರ ಅದನ್ನು ಹಿಂಪಡೆಯಿತು. ಹಾಗಾಗಿ ಪ್ರಶ್ನೆ ಇತ್ಯರ್ಥವಾಗದೆ ಉಳಿದಿದೆ.

ಡೆಲ್ಟಾ ಸ್ಥಿತಿ ಇನ್ನೂ ದುರ್ಬಲ. ಕೇಗಲ್ ಉದ್ದೇಶವನ್ನು ತಾವೇ ಜಗತ್ತಿಗೆ ಸಾರಿದ್ದರು, ಆದರೆ ಕಿತ್ತುಕೊಂಡ ವಸ್ತುವೇ ಇರಲಿಲ್ಲ. ಅಂಗೀಕಾರವಾಗದ ಕಲಮಿನ ವಿರುದ್ಧ ಏನೆಂದು ದಾವೆ ಹೂಡುವುದು?

ಅಧಿಕಾರಿಗಳ ವಿಷಯ ಬೇರೆ. ನ್ಯೂಯಾರ್ಕ್‌ನ ಹಣಕಾಸು ನಿಯಂತ್ರಣಾಧಿಕಾರಿ ವಿಮಾ ಕಂಪನಿಗಳನ್ನು ಒತ್ತಾಯಿಸಿ ತನ್ನಿಂದ ದೂರ ಮಾಡಿದರೆಂದು ದೂರಿದವರು ಇದೇ ರೈಫಲ್ ಸಂಘ. ಆರೋಪ ನಿಜವಾದರೆ ಅದು ಸಂವಿಧಾನ ಭಂಗವೆಂದು 2024ರ ಮೇನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಒಂದೇ ಬೆದರಿಕೆ ಅಧಿಕಾರಿಯ ಪತ್ರದಲ್ಲಿ ಬಂದರೆ ಪ್ರಶ್ನಾರ್ಹ, ಶಾಸಕರ ಮತವಾಗಿ ಬಂದರೆ ಬಹುತೇಕ ಸುರಕ್ಷಿತ.

ಎರಡೂ ಕಡೆಯ ವಾದ

ಶಾಸಕರ ಪರ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಕೊಡುವುದು ಸಾರ್ವಜನಿಕ ಹಣ, ಕೊಡುವವರು ಚುನಾಯಿತರು. ತಮ್ಮ ಮತದಾರರ ನಿರ್ಧಾರವನ್ನು ಹೀಗಳೆಯುವವರಿಗೆ ವಿಶೇಷ ಉಪಕಾರ ಏಕೆ? ಒಂದೊಂದು ಕಂಪನಿಗೆಂದು ಹೊಲಿಸಿದ ರಿಯಾಯಿತಿಗಳನ್ನು ಎಡದ, ಬಲದ ಅರ್ಥಶಾಸ್ತ್ರಜ್ಞರಿಬ್ಬರೂ ಬಹುಕಾಲದಿಂದ ಟೀಕಿಸಿದ್ದಾರೆ. ಆದರೆ ಅನಗತ್ಯ ರಿಯಾಯಿತಿ ಮಾತಾಡಿದ ಮರುದಿನವಷ್ಟೇ ಅನಗತ್ಯವೆಂದು ಕಾಣಿಸಿ, ಸುಮ್ಮನಾದ ಮೇಲೆ ಮತ್ತೆ ಅಗತ್ಯವಾದರೆ ಅದು ಮಿತವ್ಯಯದ ನೀತಿ ಎನಿಸಿಕೊಳ್ಳದು.

ಕಂಪನಿಗಳ ನೈತಿಕ ನೆಲವೂ ಅಷ್ಟೇನೂ ಗಟ್ಟಿಯಿಲ್ಲ. ರಾಜಕೀಯದಿಂದ ದೂರವಿರಿ ಎಂದು 2021ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಬುದ್ಧಿ ಹೇಳಿದ ಸೆನೆಟರ್ ಮಿಚ್ ಮೆಕಾನಲ್, ತಾನು ಚುನಾವಣಾ ದೇಣಿಗೆಯ ಬಗ್ಗೆ ಹೇಳುತ್ತಿಲ್ಲ ಎಂದೂ ಸೇರಿಸಿದರು. ಬಾಯಿ ಮುಚ್ಚಿ, ಚೀಲ ತೆರೆದಿಡಿ ಎಂದಂತಾಯಿತು. ಎಷ್ಟೋ ಕಂಪನಿಗಳು ನಡೆದುಕೊಂಡು ಬಂದಿರುವುದೂ ಹಾಗೆಯೇ.

ಪರಿಣಾಮ ಎಲ್ಲಿ ಬೀಳುತ್ತದೆ

ಅಳೆಯಬಹುದಾದ ಪರಿಣಾಮಕ್ಕೆ ಟೆಕ್ಸಾಸ್ ಉದಾಹರಣೆ. ಬಂದೂಕು ಅಥವಾ ತೈಲ ಉದ್ಯಮವನ್ನು ದೂರವಿಡುವ ಬ್ಯಾಂಕುಗಳೊಂದಿಗೆ ಸರ್ಕಾರಿ ಸಂಸ್ಥೆಗಳು ವ್ಯವಹರಿಸುವಂತಿಲ್ಲ ಎಂದು ಅಲ್ಲಿ 2021ರಲ್ಲಿ ಕಾಯ್ದೆಗಳು ಬಂದವು. ಐದು ದೊಡ್ಡ ಬ್ಯಾಂಕಿಂಗ್ ಸಂಸ್ಥೆಗಳು ಸ್ಥಳೀಯ ಸಂಸ್ಥೆಗಳ ಬಾಂಡ್ ಮಾರುಕಟ್ಟೆಯಿಂದ ಹೊರಬಿದ್ದವು. ಪೈಪೋಟಿ ಕಡಿಮೆಯಾದಂತೆ ಬಡ್ಡಿ ಏರಿತು. ಮೊದಲ ಎಂಟು ತಿಂಗಳಲ್ಲಿ ಎತ್ತಿದ 3,200 ಕೋಟಿ ಡಾಲರ್ ಸಾಲದ ಮೇಲೆ 30.3 ಕೋಟಿಯಿಂದ 53.2 ಕೋಟಿ ಡಾಲರ್‌ನಷ್ಟು ಹೆಚ್ಚುವರಿ ಬಡ್ಡಿ ಬೀಳುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಡೇನಿಯಲ್ ಗ್ಯಾರೆಟ್ ಮತ್ತು ಇವಾನ್ ಇವಾನೊವ್ ಲೆಕ್ಕ ಹಾಕಿದರು. ಬಡ್ಡಿ ಕಟ್ಟುವವು ಊರಿನ ಶಾಲೆ, ನಗರಸಭೆಗಳು.

ಅಳೆಯಲಾಗದ ಪರಿಣಾಮ ಮೌನ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ರದ್ದು ಮಾಡಿದಾಗ, ರೀಡಿ ಕ್ರೀಕ್ ವಿಸರ್ಜನೆಯ ಕಾಯ್ದೆ ಬಂದು ಎರಡೇ ತಿಂಗಳಾಗಿತ್ತು. ಅನೇಕ ದೊಡ್ಡ ಕಂಪನಿಗಳು ತೀರ್ಪಿನ ಸರಿತಪ್ಪಿನ ಬಗ್ಗೆ ತುಟಿ ಬಿಚ್ಚದೆ, ಚಿಕಿತ್ಸೆಗೆ ಬೇರೆ ರಾಜ್ಯಕ್ಕೆ ಹೋಗುವ ನೌಕರರ ಪ್ರಯಾಣ ವೆಚ್ಚ ಭರಿಸುವುದಾಗಿ ಒಳಸುತ್ತೋಲೆ ಕಳಿಸಿದವು.

ಹೇಳಿಕೆ ಕೊಡುವ ಮುನ್ನ ಕಂಪನಿಯ ತೆರಿಗೆ ವಿಭಾಗ ನೋಡಬೇಕಾದ್ದು ಇಷ್ಟು: ಯಾವ ರಿಯಾಯಿತಿ ಕಾಯ್ದೆಯಲ್ಲಿದೆ, ಯಾವುದು ಒಪ್ಪಂದದಲ್ಲಿದೆ, ಯಾವುದರ ಅವಧಿ ಈ ಅಧಿವೇಶನದಲ್ಲಿ ಮುಗಿಯುತ್ತದೆ, ಅಧಿವೇಶನ ಎಷ್ಟು ದಿನ ಬಾಕಿಯಿದೆ, ಅದೇ ರಿಯಾಯಿತಿ ಇನ್ನಾರಿಗೆ ಸಿಗುತ್ತಿದೆ. ಒಪ್ಪಂದದಲ್ಲಿರುವ ರಿಯಾಯಿತಿಯನ್ನು ಮುರಿದರೆ ಸಂವಿಧಾನದ ಚರ್ಚೆಗೆ ಹೋಗದೆ ಕರಾರು ಭಂಗದ ದಾವೆ ಹೂಡಬಹುದು. ಹೊಡೆತ ಮೊದಲು ಬೀಳುವುದು ನವೀಕರಣಕ್ಕೆ ಕಾದಿರುವ ಕಲಮಿಗೆ.

ನಮ್ಮಲ್ಲಿ

ಕರ್ನಾಟಕದಲ್ಲೂ ರಿಯಾಯಿತಿಗೆ ಷರತ್ತುಗಳಿವೆ, ಆದರೆ ಅವು ಮೊದಲೇ ಬರೆದ ಷರತ್ತುಗಳು. 2020–25ರ ಕೈಗಾರಿಕಾ ನೀತಿಯಲ್ಲಿ ಪ್ರೋತ್ಸಾಹಧನ ಬೇಕಾದರೆ ಒಟ್ಟು ಉದ್ಯೋಗದ ಶೇ 70, ‘ಡಿ’ ದರ್ಜೆಯಲ್ಲಿ ಶೇ 100 ಕನ್ನಡಿಗರಿಗೆ ಎಂದಿತ್ತು. ಇದು ನಡವಳಿಕೆಗೆ ಹಾಕಿದ ಶರತ್ತು, ಎಲ್ಲರಿಗೂ ಒಂದೇ. 2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿದಾಗ ಐಟಿ ಕಂಪನಿಗಳ ಸಂಘಟನೆ ನಾಸ್ಕಾಂ ಬಹಿರಂಗವಾಗಿ ವಿರೋಧಿಸಿತು. ಎರಡೇ ದಿನದಲ್ಲಿ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಅಷ್ಟರಲ್ಲಿ ಆಂಧ್ರದ ಸಚಿವ ನಾರಾ ಲೋಕೇಶ್ ವಿಶಾಖಪಟ್ಟಣಕ್ಕೆ ಬನ್ನಿ ಎಂದು ಆಹ್ವಾನವನ್ನೂ ಕೊಟ್ಟಾಗಿತ್ತು. 2015ರ ಇಂಡಿಯಾನಾ ಮಾದರಿ ಇದು, 2018ರ ಜಾರ್ಜಿಯಾದ್ದಲ್ಲ.

ಜಿಎಸ್‌ಟಿ ಬಂದ ಮೇಲೆ, ಅದರ ವ್ಯಾಪ್ತಿಯಲ್ಲಿರುವ ಸರಕುಗಳ ಮಟ್ಟಿಗೆ, ನಮ್ಮ ರಾಜ್ಯಗಳು ಒಂದು ಕಂಪನಿಗೆ ತಾವಾಗಿ ತೆರಿಗೆ ಬಿಡುವಂತಿಲ್ಲ. ಬದಲಿಗೆ ಕಟ್ಟಿದ ರಾಜ್ಯ ಜಿಎಸ್‌ಟಿಯ ಮರುಪಾವತಿ, ಬಂಡವಾಳ ಸಬ್ಸಿಡಿ, ಮುದ್ರಾಂಕ ಮತ್ತು ವಿದ್ಯುತ್ ಸುಂಕದ ವಿನಾಯಿತಿ ಕೊಡುತ್ತವೆ. ಇವುಗಳಲ್ಲಿ ಹೆಚ್ಚಿನವು ಸಾಮಾನ್ಯವಾಗಿ ಹೂಡಿಕೆ ಆದ ಮೇಲೆ ಅರ್ಜಿ, ಪರಿಶೀಲನೆ, ಮಂಜೂರಾತಿ ದಾಟಿ ಕೈಗೆ ಬರುವಂಥವು. ಅಂದರೆ ರಿಯಾಯಿತಿ ನಿಲ್ಲಿಸಲು ಸದನದಲ್ಲಿ ಮತ ಹಾಕಬೇಕಿಲ್ಲ, ಕಡತ ಮೇಜಿನ ಮೇಲೆ ಕುಳಿತರೆ ಸಾಕು. ಆದರೆ ಕೋರ್ಟಿನಲ್ಲಿ ಉದ್ಯಮಿಗೆ ಇಲ್ಲಿ ಬೇರೊಂದು ಆಸರೆ ಇದೆ. ಮೂರು ವರ್ಷ ಮಾರಾಟ ತೆರಿಗೆ ಬಿಡುವುದಾಗಿ ಉತ್ತರ ಪ್ರದೇಶ ಕೊಟ್ಟ ಭರವಸೆಯನ್ನು ನಂಬಿ ವನಸ್ಪತಿ ಕಾರ್ಖಾನೆ ಕಟ್ಟಿದ ಮೋತಿಲಾಲ್ ಪದಂಪತ್ ಶುಗರ್ ಮಿಲ್ಸ್ ಪ್ರಕರಣದಲ್ಲಿ, ಕೊಟ್ಟ ಮಾತಿಗೆ ಸರ್ಕಾರ ಬದ್ಧ ಎಂದು ನಮ್ಮ ಸುಪ್ರೀಂ ಕೋರ್ಟ್ 1978ರ ಡಿಸೆಂಬರ್‌ನಲ್ಲಿ ಹೇಳಿತು. ಸರ್ಕಾರದ ಮನಸ್ಸಿನಲ್ಲಿ ಏನಿತ್ತೆಂದು ಸಾಬೀತು ಮಾಡುವ ಕಷ್ಟ ಇಲ್ಲಿಲ್ಲ. ಮಾತು ಕೊಟ್ಟದ್ದು, ಅದನ್ನು ನಂಬಿ ಹಣ ಹಾಕಿದ್ದು ತೋರಿಸಿದರಾಯಿತು. ಮೀರಲಾಗದ ಸಾರ್ವಜನಿಕ ಹಿತವಿದೆ ಎಂದು ತೋರಿಸಿ ಸರ್ಕಾರ ಜಾರಿಕೊಳ್ಳಬಹುದು, ಶಾಸನಸಭೆಯ ಕಾಯ್ದೆಗೆ ಈ ತತ್ವ ಅನ್ವಯಿಸುವುದೂ ಇಲ್ಲ.

ಮತ್ತೆ, ಸಮಯ ಹಿಡಿಯುತ್ತದೆ. ಜಾರ್ಖಂಡ್‌ನ 2012ರ ಕೈಗಾರಿಕಾ ನೀತಿ ಸ್ವಂತ ವಿದ್ಯುತ್ ಘಟಕಗಳಿಗೆ ವಿದ್ಯುತ್ ಸುಂಕದಲ್ಲಿ ಶೇ 50 ರಿಯಾಯಿತಿ ಘೋಷಿಸಿತ್ತು. ಅಧಿಸೂಚನೆ ಹೊರಟದ್ದು 2015ರಲ್ಲಿ. ನಡುವಿನ ವರ್ಷಗಳ ರಿಯಾಯಿತಿಗಾಗಿ ಬ್ರಹ್ಮಪುತ್ರ ಮೆಟಾಲಿಕ್ಸ್ ಎಂಬ ಕಂಪನಿ ನಡೆಸಿದ ಹೋರಾಟದಲ್ಲಿ ಸುಪ್ರೀಂ ಕೋರ್ಟ್ ಅದರ ಪರ ತೀರ್ಪು ಕೊಟ್ಟದ್ದು 2020ರ ಡಿಸೆಂಬರ್ 1ರಂದು.